ಮಣಿಪಾಲದ ಡಾ. ಟಿ.ಎಂ.ಎ. ಪೈ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವೈದ್ಯನಾಗಬೇಕೆಂದು ಹಂಬಲಿಸಿದ ಕನ್ನಡ ನಾಡಿನ ಹುಡುಗ ಮೊದಲು ತನ್ನ ಊರನ್ನು ಬಿಡಬೇಕಾಗಿತ್ತು. ಕನ್ನಡ ಮಾತನಾಡುವ ಪ್ರದೇಶಗಳು ಆಗ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಕಲಬುರಗಿಯು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಜಿಲ್ಲೆಯ ಕೇಂದ್ರವಾದ ಕಲಬುರಗಿಯ ಹುಡುಗನಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಹುಡುಗನಾಗಲಿ ವೈದ್ಯಶಿಕ್ಷಣಕ್ಕೆ ಹೈದರಾಬಾದಿನ ಕಡೆಗೇ ಮುಖ ಮಾಡಬೇಕಾಗಿತ್ತು. ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೆಯುತ್ತಿದ್ದುದು ಉರ್ದು ಭಾಷೆಯಲ್ಲಿ. ಧಾರವಾಡ, ಬೆಳಗಾವಿಗಳ ಕಡೆಯವರು ಮುಂಬಯಿಯನ್ನು ಆಶ್ರಯಿಸುತ್ತಿದ್ದರು. ಮೈಸೂರು ಸಂಸ್ಥಾನದವರಿಗೆ ಮಾತ್ರ 1924ರಲ್ಲಿ ಬೆಂಗಳೂರಿನಲ್ಲಿ ತೆರೆದು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ಒಂದು ಕಾಲೇಜು ದೊರೆಯಿತು. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯವರ ದಾರಿ ಪೂರ್ವ ಸಮುದ್ರದ ತೀರದವರೆಗೂ ಸಾಗುತ್ತಿತ್ತು. ಆ ದಾರಿಯಲ್ಲಿ ಹೋಗಿ, ವೈದ್ಯರಾಗಿ ಮರಳಿ ಬಂದು, ಇನ್ನು ಮುಂದೆ ತನ್ನ ಜಿಲ್ಲೆಯ ಮಕ್ಕಳಿಗೆ ಆ ಪ್ರಯಾಣ ಅನಿವಾರ್ಯವಾಗದಂತೆ ಮಾಡಿದವರು ಡಾಕ್ಟರ್ ಟಿ.ಎಂ.ಎ. ಪೈ.

ತೋನ್ಸೆ ಮಾಧವ ಅನಂತ ಪೈ ಅವರ ಪೂರ್ಣ ಹೆಸರು. ಉಡುಪಿಯ ಸಮೀಪದಲ್ಲಿ, ಸ್ವರ್ಣಾ ನದಿಯ ದಡದಲ್ಲಿರುವ ಕಲ್ಯಾಣಪುರದಲ್ಲಿ 1898ನೆಯ ಇಸವಿ ಏಪ್ರಿಲ್ 30ರಂದು ಅವರು ಜನಿಸಿದರು. ಮನೆಯ ಮಾತು ಕೊಂಕಣಿ, ನೆರೆಹೊರೆಯ ಮಾತು ತುಳು, ಓದು ಬರಹದ ಮಾತು ಕನ್ನಡ. ಕರಾವಳಿಯ ಮಕ್ಕಳಿಗೆ ಇದು ಸಹಜವಾದ ಸಂಪತ್ತು. ಅಣ್ಣ ಉಪೇಂದ್ರ ಪೈ ವ್ಯಾಪಾರದಲ್ಲಿ ನಿರತರಾದರು. ತಮ್ಮ ಮಾಧವ ಪೈಗಳು ಓದನ್ನು ಮುಂದುವರಿಸಿ ಮದರಾಸಿಗೆ ಹೋದರು.

ಆ ಕಾಲದ ಪ್ರಯಾಣವನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಉಡುಪಿಗೆ ರೈಲು ಬರಲು ಆ ಶತಮಾನ ಮುಗಿಯುತ್ತ ಬರಬೇಕಾಯಿತು. ಉಡುಪಿಯ ಸೀಮೆಯಿಂದ ಹೊರಟವರು ಪಶ್ಚಿಮದ ಕಡಲಿಗೆ ಹರಿಯುವ ಹೊಳೆಗಳನ್ನು ದೋಣಿಯಲ್ಲಿ ದಾಟುತ್ತ ಮಂಗಳೂರನ್ನು ಸೇರಿ, ಅಲ್ಲಿಂದ ಮಲಬಾರಿನ ಮಾರ್ಗವಾಗಿ ಮದರಾಸನ್ನು ಮುಟ್ಟಬೇಕಾಗಿತ್ತು. 1835ರಲ್ಲಿ ಸ್ಥಾಪನೆಯಾದ ಮದರಾಸು ವೈದ್ಯಕೀಯ ಕಾಲೇಜು ದೇಶದ ಅತಿ ಹಳೆಯ ವೈದ್ಯಕೀಯ ವಿದ್ಯಾಲಯಗಳಲ್ಲಿ ಒಂದು. ಪೈಗಳು ಅಲ್ಲಿ ಎಂ.ಬಿ.ಬಿ.ಎಸ್. ಪದವಿಯನ್ನು ಪಡೆದರು. ಪದವಿ ಪಡೆದವರಿಗೆ ನಗರಗಳಲ್ಲಿ ಒಳ್ಳೆಯ ಸಂಪಾದನೆಯ ಅವಕಾಶಗಳಿದ್ದವು. ಪೈಗಳು ಊರಿಗೆ ಮರಳಿ ಉಡುಪಿಯ ಪರಿಸರದಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದರು.

ಅವರ ಬಳಿಗೆ ಬರುತ್ತಿದ್ದ ರೋಗಿಗಳು ಬಹುಮಟ್ಟಿಗೆ ಬಡವರು. ಮಲೆಯ ತಪ್ಪಲಿನ ಹಳ್ಳಿಗಳಲ್ಲಿ ಮಲೇರಿಯಾ, ಕಡಲ ಕರೆಯಲ್ಲಿ ಆನೆಕಾಲು ರೋಗ, ಇಕ್ಕಟ್ಟಾದ ಮನೆಗಳಲ್ಲಿ ಕ್ಷಯ. ಇವೆಲ್ಲವೂ ಅಲ್ಲಿ ನೆಲೆಯೂರಿದ್ದವು. ವೈದ್ಯನು ಔಷಧವನ್ನು ಬರೆದು ಕೊಡಬಲ್ಲ. ಆದರೆ ಅದನ್ನು ಕೊಳ್ಳಲು ರೋಗಿಯ ಕೈಯಲ್ಲಿ ಕಾಸಿಲ್ಲ. ಕಾಯಿಲೆ ಬಂದಾಗ ಸಾಲ, ಸಾಲ ತೀರಿಸಲು ದುಡಿಮೆ, ದುಡಿಮೆಯ ಭಾರದಿಂದ ಮತ್ತೆ ಕಾಯಿಲೆ. ಅನಾರೋಗ್ಯ, ಅಜ್ಞಾನ, ಬಡತನ ಇವು ಮೂರೂ ಒಂದನ್ನೊಂದು ಹಿಡಿದುಕೊಂಡೇ ನಡೆಯುತ್ತವೆಂಬುದು ಪೈಗಳಿಗೆ ಸ್ಪಷ್ಟವಾಯಿತು. ಮೂರರಲ್ಲಿ ಯಾವುದಾದರೊಂದನ್ನು ಮಾತ್ರ ಎದುರಿಸಿದರೆ ಉಳಿದೆರಡು ಅದನ್ನು ಮತ್ತೆ ಎಳೆದು ತರುತ್ತವೆ. ಅವರು ಮುಂದೆ ಕೈಗೊಂಡ ಕಾರ್ಯಗಳೆಲ್ಲವೂ ಈ ತಿಳಿವಳಿಕೆಯಿಂದಲೇ ಹೊರಟವು. ವೈದ್ಯರೊಬ್ಬರು ಮೊದಲು ಆಸ್ಪತ್ರೆಯನ್ನು ಕಟ್ಟದೆ ಬ್ಯಾಂಕನ್ನು ಕಟ್ಟಿದ್ದು ಏಕೆಂಬ ಪ್ರಶ್ನೆಗೆ ಉತ್ತರವೂ ಇದೇ ಆಗಿದೆ.

ಅಂದಿನ ದಿನಗಳಲ್ಲಿ ದಕ್ಷಿಣ ಕನ್ನಡದ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು. ಅವರಿಗೆ ನೆರವಾಗುವ ಉದ್ದೇಶದಿಂದ 1925ರಲ್ಲಿ ಮೂವರು ಒಂದುಗೂಡಿದರು. ವ್ಯಾಪಾರಿಯಾದ ಉಪೇಂದ್ರ ಪೈ, ಎಂಜಿನಿಯರರಾದ ವಾಮನ ಕುಡ್ವ, ವೈದ್ಯರಾದ ಮಾಧವ ಪೈ. ಅವರು ಉಡುಪಿಯಲ್ಲಿ ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯ ಮೂಲ ಬಂಡವಾಳ ಕೇವಲ 8000 ರೂಪಾಯಿ, ನೌಕರನು ಒಬ್ಬನೇ.

ಈ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಯ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿಕೊಂಡು ಹೋಗುತ್ತಿದ್ದನು. ಆಗಿನ ಲೆಕ್ಕದಲ್ಲಿ ಹದಿನಾರು ಆಣೆಗೆ ಒಂದು ರೂಪಾಯಿ. ದಿನಕ್ಕೆ ಎರಡಾಣೆ ಕೊಟ್ಟವನ ಹೆಸರಿನಲ್ಲಿ ಮೂವತ್ತು ದಿನಗಳ ಕೊನೆಗೆ ಮೂರು ರೂಪಾಯಿ ಹನ್ನೆರಡಾಣೆ ಕೂಡುತ್ತಿತ್ತು. ಬೀಡಿ ಕಟ್ಟುವವರು, ಮೀನು ಮಾರುವವರು, ಗೂಡಂಗಡಿ ಇಟ್ಟವರು ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಕಾಲ ಅದು. ಅಂಥವರಿಗಾಗಿ ಬ್ಯಾಂಕೇ ಮೆಟ್ಟಿಲಿಳಿದು ಬಂದಿತು. ಸಣ್ಣ ಉಳಿತಾಯಕ್ಕೆ ಪಿಗ್ಮಿ ಎಂಬ ಮಾತು ಕರ್ನಾಟಕದ ಪೇಟೆಬೀದಿಗಳಲ್ಲಿ ಎಷ್ಟು ಬಳಕೆಯಾಯಿತೆಂದರೆ, ಅದು ಪರಭಾಷೆಯ ಶಬ್ದವೆಂಬುದನ್ನೂ ಜನ ಮರೆತರು. 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಒಂದಾಯಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕೆನರಾ ಬ್ಯಾಂಕು ಹುಟ್ಟಿದ್ದೂ ಅದೇ ಜಿಲ್ಲೆಯ ಮಂಗಳೂರಿನಲ್ಲಿ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಹಣದ ಮಾತು ಒಂದು ದಾರಿಗೆ ಬಂದ ಮೇಲೆ ಪೈಗಳ ಗಮನ ವಿದ್ಯೆಯ ಕಡೆಗೆ ಹರಿಯಿತು. 1942ರಲ್ಲಿ ಅವರು ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆಯ ಓದು ಮುಗಿಸಿಯೂ ಕೈಗೆ ಕೆಲಸವಿಲ್ಲದೆ ಕುಳಿತ ತರುಣರಿಗೆ ಕಸಬು ಕಲಿಸುವುದು ಅದರ ಮೊದಲ ಉದ್ದೇಶವಾಗಿತ್ತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. ಆದರೆ ವೈದ್ಯರಾದ ಪೈಗಳ ಮನಸ್ಸಿನಲ್ಲಿ ನೆಟ್ಟು ನಿಂತಿದ್ದ ಆಸೆ ಬೇರೆ.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ನೇತೃತ್ವದ ಸಮಿತಿಯು ದೇಶದ ಆರೋಗ್ಯಸ್ಥಿತಿಯನ್ನು ಕುರಿತು ವರದಿ ಸಲ್ಲಿಸಿತು. ಭಾರತದಲ್ಲಿ ಸುಮಾರು 6300 ಜನರಿಗೆ ಒಬ್ಬ ವೈದ್ಯನಿದ್ದಾನೆಂದು ಅದು ತಿಳಿಸಿತು. ಆ ಒಬ್ಬನೂ ಸಾಮಾನ್ಯವಾಗಿ ಪಟ್ಟಣದಲ್ಲಿಯೇ ಇರುತ್ತಿದ್ದನು. ಹಳ್ಳಿಗಳಿಗೆ ವೈದ್ಯರು ಬೇಕಾದರೆ ಮೊದಲು ವೈದ್ಯರನ್ನು ಸಿದ್ಧಗೊಳಿಸುವ ಕಾಲೇಜುಗಳು ಹೆಚ್ಚಬೇಕು. ಹೊಸದಾಗಿ ಸ್ವತಂತ್ರವಾದ ದೇಶದ ಸರಕಾರಕ್ಕೆ ಆಹಾರ, ನೀರಾವರಿ, ನಿರಾಶ್ರಿತರ ಪುನರ್ವಸತಿ ಮೊದಲಾದ ನೂರು ಹೊರೆಗಳಿದ್ದವು. ವೈದ್ಯಕೀಯ ಕಾಲೇಜೆಂದರೆ ಸರಕಾರ ಇಲ್ಲವೆ ಕ್ರೈಸ್ತ ಮಿಷನರಿಗಳು ಮಾತ್ರ ನಡೆಸಬಲ್ಲ ದುಬಾರಿಯ ಕಾರ್ಯವೆಂಬ ಭಾವನೆ ಎಲ್ಲೆಡೆಯೂ ಬೇರೂರಿತ್ತು. ಜನರೇ ಹಣ ಕೂಡಿಸಿ ಅದನ್ನು ಏಕೆ ನಡೆಸಬಾರದೆಂದು ಯೋಚಿಸಿದವರು ಪೈಗಳು. ಎರಡಾಣೆಗಳನ್ನು ಕೂಡಿಸಿ ಬ್ಯಾಂಕು ಬೆಳೆಸಿದವರಿಗೆ ಆ ಯೋಚನೆ ಬಂದುದು ಆಶ್ಚರ್ಯವಲ್ಲ.

ಕಾಲೇಜಿಗೆ ಅವರು ಆರಿಸಿದ ಸ್ಥಳ ಮಾತ್ರ ಅನೇಕರಿಗೆ ಆಶ್ಚರ್ಯ ತರುವಂತಿತ್ತು. ಉಡುಪಿಯಿಂದ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರು ದೂರದಲ್ಲಿ ಮಣಿಪಾಲವೆಂಬ ಎತ್ತರದ ಪ್ರದೇಶವಿದೆ. ಅಲ್ಲಿನ ಮಣ್ಣಪಳ್ಳವೆಂಬ ಕೆರೆಯಿಂದ ಊರಿಗೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ತುಳುನಾಡಿನಲ್ಲಿ ಇಂಥ ಮುರಕಲ್ಲಿನ ಬೋಳು ನೆಲವನ್ನು ಪದವು ಎನ್ನುವರು. ಮಳೆಗಾಲದಲ್ಲಿ ಧಾರಾಕಾರವಾಗಿ ಸುರಿದ ನೀರು ಅಲ್ಲಿ ನಿಲ್ಲದೆ ತಗ್ಗಿಗೆ ಓಡುವುದು. ಬೇಸಗೆಯಲ್ಲಿ ಕಲ್ಲು ಕಾದು ಹುಲ್ಲೂ ಒಣಗುವುದು. ಗದ್ದೆಗೂ ಬಾರದ, ತೋಟಕ್ಕೂ ಒದಗದ ನೆಲವದು. ಬೇಸಾಯಕ್ಕೆ ಯೋಗ್ಯವಾದ ಭೂಮಿಯನ್ನು ರೈತನಿಂದ ಕಸಿಯದೆ ವಿದ್ಯಾಕೇಂದ್ರವನ್ನು ಕಟ್ಟಲು ಅದಕ್ಕಿಂತ ಒಳ್ಳೆಯ ನೆಲ ದೊರೆಯುವಂತಿರಲಿಲ್ಲ. ಮುರಕಲ್ಲು ತಾನೇ ಕಟ್ಟಡದ ಕಲ್ಲೂ ಹೌದು. ಕೊಡಲಿಯಂಥ ಹತಾರದಿಂದ ಅದನ್ನು ಇಟ್ಟಿಗೆಯಾಕಾರಕ್ಕೆ ಕಡಿದು ಗೋಡೆಗೆ ಬಳಸುವುದು ಕರಾವಳಿಯ ಹಳೆಯ ಪದ್ಧತಿ.

1953ನೆಯ ಇಸವಿ ಜೂನ್ 30ರಂದು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಒಂಬತ್ತು ವರ್ಷಗಳ ಹಿಂದೆ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದಾಗಲೇ ಪ್ರಾಣಬಿಟ್ಟ ಕಸ್ತೂರ್ಬಾ ಗಾಂಧಿಯವರ ಹೆಸರು ಅದಕ್ಕೆ. ಉಡುಪಿಯ ಕಾಲೇಜು ಮಹಾತ್ಮರ ಹೆಸರನ್ನು ಹೊತ್ತಿದ್ದರೆ, ರೋಗಿಗಳ ಸೇವೆಗೆ ಮೀಸಲಾದ ಈ ಕಾಲೇಜು ಅವರ ಪತ್ನಿಯ ಹೆಸರನ್ನು ಹೊತ್ತಿತು. ಸರಕಾರದ ಹಣವನ್ನು ನೆಚ್ಚದೆ ತನ್ನ ವೆಚ್ಚವನ್ನು ತಾನೇ ಭರಿಸುವ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ದೇಶಕ್ಕೇ ಇದು ಮೊದಲನೆಯದು. ಜಿಲ್ಲೆಯು ಇನ್ನೂ ಮದರಾಸು ರಾಜ್ಯದಲ್ಲಿದ್ದರೂ ಕಾಲೇಜು ಸೇರಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ. ಕನ್ನಡ ನಾಡು ಭೂಪಟದಲ್ಲಿ ಒಂದಾಗುವುದಕ್ಕೆ ಮೂರು ವರ್ಷ ಮೊದಲೇ ಮಣಿಪಾಲ ಮತ್ತು ಧಾರವಾಡಗಳ ನಡುವೆ ಈ ನಂಟು ಬೆಳೆಯಿತು.

ಆದರೆ ಕಟ್ಟಡಗಳಿಂದಲೇ ವೈದ್ಯಕೀಯ ಕಾಲೇಜು ಆಗದು. ವೈದ್ಯಶಿಕ್ಷಣಕ್ಕೆ ಮುಖ್ಯವಾಗಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ವಿದ್ಯಾರ್ಥಿಯು ಆರೋಗ್ಯವಂತ ಶರೀರವನ್ನು ಅರಿಯುತ್ತಾನೆ. ಶವಚ್ಛೇದನ ಮಾಡಿ ಎಲುಬು, ನರ, ಸ್ನಾಯುಗಳ ಜೋಡಣೆಯನ್ನು ಕಣ್ಣಾರೆ ಕಾಣುವ ಅಂಗರಚನಾಶಾಸ್ತ್ರ, ಅವುಗಳ ಕೆಲಸವನ್ನು ತಿಳಿಸುವ ಶರೀರಕ್ರಿಯಾಶಾಸ್ತ್ರ, ಒಳಗಿನ ರಾಸಾಯನಿಕ ವ್ಯವಹಾರವನ್ನು ತೋರಿಸುವ ಜೀವರಸಾಯನಶಾಸ್ತ್ರ, ಇವುಗಳಿಗೆ ಬೇಕಾದವು ಪ್ರಯೋಗಶಾಲೆಗಳು ಮತ್ತು ಬಲ್ಲ ಅಧ್ಯಾಪಕರು. ಎರಡನೆಯ ಹಂತದಲ್ಲಿ ಪುಸ್ತಕವು ಹಿಂದೆ ಸರಿದು ರೋಗಿಯು ಮುಂದೆ ಬರುತ್ತಾನೆ. ಹಾಸಿಗೆಯ ಪಕ್ಕದಲ್ಲಿ ನಿಂತು ನಾಡಿ ಹಿಡಿದು, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ರೋಗಿಯ ಮಾತಿಗೆ ಕಿವಿಗೊಟ್ಟು ಕಲಿಯದವನು ವೈದ್ಯನಾಗಲಾರ. ಇದಕ್ಕೆ ನೂರಾರು ಹಾಸಿಗೆಗಳುಳ್ಳ ಆಸ್ಪತ್ರೆ ಅವಶ್ಯಕ. ಬೋಳು ಪದವಿನ ಮೇಲೆ ಅಂಥ ಆಸ್ಪತ್ರೆ ಇರಲಿಲ್ಲ. ಅದನ್ನು ಒಮ್ಮೆಲೇ ಕಟ್ಟುವಷ್ಟು ಹಣವೂ ಇರಲಿಲ್ಲ.

ಈ ತೊಡಕನ್ನು ಪೈಗಳು ಬಿಡಿಸಿದ ರೀತಿಯೇ ವೈದ್ಯಶಿಕ್ಷಣಕ್ಕೆ ಅವರಿತ್ತ ಅತ್ಯಂತ ಬೆಲೆಯುಳ್ಳ ಕೊಡುಗೆ. ಅವರು ಕಾಲೇಜನ್ನು ಎರಡು ಊರುಗಳಲ್ಲಿ ಹಂಚಿದರು. ಮೊದಲ ಹಂತದ ಪಾಠಗಳು ಮಣಿಪಾಲದಲ್ಲಿ ನಡೆದವು. ಎರಡನೆಯ ಹಂತಕ್ಕೆ, ಅರುವತ್ತು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿರುವ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ ಮತ್ತು ಹೆಂಗಸರ ಚಿಕಿತ್ಸೆಗೆ ಹೆಸರಾದ ಲೇಡಿ ಗೋಷನ್ ಆಸ್ಪತ್ರೆಗಳನ್ನು ಬಳಸಿಕೊಳ್ಳಲು ಸರಕಾರದೊಡನೆ ಒಪ್ಪಂದವಾಯಿತು. 1955ರಲ್ಲಿ ಮಂಗಳೂರಿನ ವಿಭಾಗ ಕಾರ್ಯಾರಂಭ ಮಾಡಿತು. ಸರಕಾರಿ ಆಸ್ಪತ್ರೆಯಲ್ಲಿ ರೋಗಿಗಳಿದ್ದರು, ನುರಿತ ತಜ್ಞರು ಕಡಿಮೆ. ಕಾಲೇಜಿನಲ್ಲಿ ಪ್ರಾಧ್ಯಾಪಕರಿದ್ದರು, ರೋಗಿಗಳಿಲ್ಲ. ಎರಡೂ ಕೂಡಿದಾಗ ವಿದ್ಯಾರ್ಥಿಗಳಿಗೆ ಶಿಕ್ಷಣವೂ ಬಡ ರೋಗಿಗಳಿಗೆ ತಜ್ಞರ ಆರೈಕೆಯೂ ದೊರೆತವು. ಸರಕಾರ ಮತ್ತು ಖಾಸಗಿ ಸಂಸ್ಥೆಗಳು ಹೀಗೆ ಹೆಗಲು ಕೊಡುವುದು ಮುಂದೆ ದೇಶದಲ್ಲಿ ದೊಡ್ಡ ಮಾತಾಯಿತು. ಮಂಗಳೂರಿನಲ್ಲಿ ಅದು ಆಗಲೇ ನಡೆಯತೊಡಗಿತ್ತು.

ಮಣಿಪಾಲದ ಸ್ವಂತ ಆಸ್ಪತ್ರೆಗೆ 1961ರವರೆಗೆ ಕಾಯಬೇಕಾಯಿತು. ಆ ವರ್ಷ ಆರಂಭವಾದ ಕಸ್ತೂರ್ಬಾ ಆಸ್ಪತ್ರೆ ಇಂದು ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳನ್ನು ಹೊಂದಿದೆ. ಉಡುಪಿಯವರಷ್ಟೇ ಅಲ್ಲದೆ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರುಗಳ ರೋಗಿಗಳೂ ಘಟ್ಟ ಇಳಿದು ಅಲ್ಲಿಗೆ ಬರುತ್ತಾರೆ. ಕಾಲೇಜಿನ ಅಂಗರಚನಾಶಾಸ್ತ್ರದ ವಸ್ತುಸಂಗ್ರಹಾಲಯವನ್ನು ನೋಡಲು ಶಾಲಾಮಕ್ಕಳು ಪ್ರವಾಸ ಹೋಗುವುದುಂಟು. ಮಾನವ ಶರೀರದ ಸಾವಿರಾರು ಮಾದರಿಗಳ ನಡುವೆ ಆನೆಯ ಹಾಗೂ ಕಾಳಿಂಗ ಸರ್ಪದ ಅಸ್ಥಿಪಂಜರಗಳನ್ನು ಅಲ್ಲಿ ಕಾಣಬಹುದು. ಕಾಲಕ್ರಮದಲ್ಲಿ ಮಣಿಪಾಲ, ಮಂಗಳೂರುಗಳೆರಡರಲ್ಲಿಯೂ ಪೂರ್ಣ ಪ್ರಮಾಣದ ಕಾಲೇಜುಗಳಾದವು. ಮಲೇಷ್ಯದಂಥ ದೂರದೇಶಗಳ ವಿದ್ಯಾರ್ಥಿಗಳೂ ಕಲಿಯಲು ಬಂದರು. ಮಂಗಳೂರಿನ ಕಾಲೇಜಿನಲ್ಲಿ ಓದಿದವರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಪ್ರಸಿದ್ಧರಾದ ಡಾ. ದೇವಿ ಶೆಟ್ಟಿಯವರೂ ಒಬ್ಬರು.

ಮಣಿಪಾಲದಲ್ಲಿ 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಔಷಧಶಾಸ್ತ್ರದ ಕಾಲೇಜು, 1965ರಲ್ಲಿ ದಂತವೈದ್ಯ ಕಾಲೇಜು ಹೀಗೆ ಸಂಸ್ಥೆಗಳು ಒಂದರ ಹಿಂದೆ ಒಂದು ಬಂದವು. ಅವೆಲ್ಲವನ್ನೂ ಇಲ್ಲಿ ವಿವರಿಸಬೇಕಾಗಿಲ್ಲ.

ಮಣಿಪಾಲದ ಪ್ರಯೋಗ ಸಫಲವಾದಂತೆ, ಸರಕಾರಕ್ಕೆ ಕಾಯದೆ ವೈದ್ಯಕೀಯ ಕಾಲೇಜನ್ನು ಕಟ್ಟಬಹುದೆಂಬ ಧೈರ್ಯ ನಾಡಿನ ಇತರ ಭಾಗಗಳಲ್ಲಿಯೂ ಕಾಣಿಸಿಕೊಂಡಿತು. 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ತೆರೆಯಿತು. ಅದೇ ವರ್ಷ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಆ ಶಿಕ್ಷಣ ಸಂಸ್ಥೆಯನ್ನು 1958ರಲ್ಲಿ ಕಟ್ಟಿದ ಮಹಾದೇವಪ್ಪ ರಾಂಪುರೆಯವರ ಹೆಸರನ್ನೇ ಕಾಲೇಜು ಧರಿಸಿದೆ. ಮಂಗಳೂರಿನಲ್ಲಿದ್ದಂತೆಯೇ ಅಲ್ಲಿಯೂ ನಗರದ ಸರಕಾರಿ ಆಸ್ಪತ್ರೆಯ ವಾರ್ಡುಗಳು ವಿದ್ಯಾರ್ಥಿಗಳ ಪಾಠಶಾಲೆಯಾದವು. ಕಮಲಾಪುರದ ಹುಡುಗನಿಗೆ ಹೈದರಾಬಾದಿನ ಬದಲು ನಲವತ್ತು ಕಿಲೋಮೀಟರಿನೊಳಗೇ ವೈದ್ಯವಿದ್ಯೆಯ ಬಾಗಿಲು ತೆರೆಯಿತು.

ಬಾಗಿಲು ತೆರೆಯಿತು, ನಿಜ. ಅದನ್ನು ದಾಟಲು ಕೊಡಬೇಕಾದ ಬೆಲೆಯ ಪ್ರಶ್ನೆ ಉಳಿಯಿತು. ಪೈಗಳ ಜೀವನವನ್ನು ಹೇಳುವಾಗ ಈ ಪ್ರಶ್ನೆಯನ್ನು ಮರೆಮಾಚುವುದು ಸಲ್ಲದು. ಸರಕಾರದ ಅನುದಾನವಿಲ್ಲದ ಕಾಲೇಜು ತನ್ನ ವೆಚ್ಚಕ್ಕಾಗಿ ವಿದ್ಯಾರ್ಥಿಗಳ ಪೋಷಕರನ್ನೇ ಅವಲಂಬಿಸಬೇಕಾಯಿತು. ಶುಲ್ಕದ ಜೊತೆಗೆ ಪ್ರವೇಶದ ಕಾಲದಲ್ಲಿ ವಂತಿಗೆಯನ್ನು ಪಡೆಯುವ ಪದ್ಧತಿ ಹೀಗೆ ಬೆಳೆಯಿತು. ಕೊಡಬಲ್ಲವರು ಕೊಟ್ಟ ಹಣದಿಂದ ಆಸ್ಪತ್ರೆಯೂ ಪ್ರಯೋಗಶಾಲೆಯೂ ನಡೆದು, ಅದರ ಫಲ ಬಡ ರೋಗಿಗಳಿಗೂ ಮುಟ್ಟುತ್ತದೆಂಬುದು ಈ ಪದ್ಧತಿಯನ್ನು ಸಮರ್ಥಿಸುವವರ ವಾದ. ಪ್ರತಿಭೆಯಿದ್ದೂ ಹಣವಿಲ್ಲದ ವಿದ್ಯಾರ್ಥಿ ಹೊರಗುಳಿಯುತ್ತಾನೆ, ಹಣವುಳ್ಳ ಸಾಮಾನ್ಯನು ಒಳಗೆ ಬರುತ್ತಾನೆಂಬುದು ವಿರೋಧಿಸುವವರ ವಾದ. ಎರಡರಲ್ಲಿಯೂ ಸತ್ಯವಿದೆ. ಎರಡಾಣೆಯ ಉಳಿತಾಯದಿಂದ ಬಡವನನ್ನು ಮೇಲೆತ್ತಲು ಹೊರಟವರು ತೆರೆದ ದಾರಿಯಲ್ಲಿಯೇ ಮುಂದೆ ಬಡವನಿಗೆ ನಿಲುಕದ ಶುಲ್ಕದ ಕಾಲೇಜುಗಳೂ ಹುಟ್ಟಿಕೊಂಡವೆಂಬುದು ಇತಿಹಾಸದ ಒಂದು ವಿಚಿತ್ರ. ಪೈಗಳು ಕೈಗೆ ಬಂದ ಹಣವನ್ನು ಆ ಪದವಿನ ಮೇಲೆಯೇ ಸುರಿದರು; ಅವರನ್ನು ಅನುಕರಿಸಿದವರೆಲ್ಲರನ್ನೂ ಕುರಿತು ಹಾಗೆ ಹೇಳಲಾಗದು.

1972ರಲ್ಲಿ ಭಾರತ ಸರಕಾರವು ಡಾಕ್ಟರ್ ಪೈಗಳಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅಷ್ಟರಲ್ಲಿ ಬೋಳು ಪದವು ಊರಾಗಿತ್ತು. ಮರಗಳು ಬೆಳೆದಿದ್ದವು, ರಸ್ತೆಗಳಾಗಿದ್ದವು, ಬೇರೆ ಬೇರೆ ರಾಜ್ಯಗಳ ಭಾಷೆಗಳು ಅಲ್ಲಿನ ಬೀದಿಗಳಲ್ಲಿ ಕೇಳಿಬರುತ್ತಿದ್ದವು. ರಾಷ್ಟ್ರೀಕರಣಗೊಂಡ ಬ್ಯಾಂಕುಗಳ ಕೇಂದ್ರ ಕಚೇರಿಗಳು ಮಹಾನಗರಗಳಲ್ಲಿರುವುದು ವಾಡಿಕೆ. ಸಿಂಡಿಕೇಟ್ ಬ್ಯಾಂಕಿನ ಕೇಂದ್ರ ಕಚೇರಿ ಈ ಪುಟ್ಟ ಊರಿನಲ್ಲಿತ್ತು. ಅಣ್ಣ ಉಪೇಂದ್ರ ಪೈಗಳ ಮಗ ಟಿ.ಎ. ಪೈ ಕೇಂದ್ರ ಸಚಿವರಾಗಿ ದೇಶದ ಆಡಳಿತದಲ್ಲಿ ಪಾಲ್ಗೊಂಡರು. 1979ನೆಯ ಇಸವಿ ಮೇ 29ರಂದು, ತಮಗೆ ಎಂಬತ್ತೊಂದು ವರ್ಷ ತುಂಬಿದ್ದಾಗ, ಡಾಕ್ಟರ್ ಟಿ.ಎಂ.ಎ. ಪೈ ನಿಧನರಾದರು. ಅವರ ಮಗ ಡಾ. ರಾಮದಾಸ ಪೈ ಸಂಸ್ಥೆಗಳ ಹೊಣೆಯನ್ನು ವಹಿಸಿಕೊಂಡರು. 1993ರಲ್ಲಿ ಮಣಿಪಾಲದ ವಿದ್ಯಾಸಂಸ್ಥೆಗೆ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮನ್ನಣೆ ದೊರೆಯಿತು.

ವಂತಿಗೆಯ ವಿವಾದ ಅವರೊಂದಿಗೆ ಮುಗಿಯಲಿಲ್ಲ. 1984ರಲ್ಲಿ ಕರ್ನಾಟಕವು ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಖಾಸಗಿ ವಿದ್ಯಾಸಂಸ್ಥೆಗಳ ಪ್ರವೇಶ, ಶುಲ್ಕ, ಆಡಳಿತಗಳ ಮೇಲೆ ಸರಕಾರದ ಅಧಿಕಾರವೆಷ್ಟು, ಸಂಸ್ಥೆಗಳ ಸ್ವಾತಂತ್ರ್ಯವೆಷ್ಟು ಎಂಬ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪೈಗಳ ಹೆಸರಿನ ಪ್ರತಿಷ್ಠಾನವೇ ಅದರಲ್ಲಿ ಅರ್ಜಿದಾರ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ನಡೆಸುವುದು ಸಂವಿಧಾನವು ಮಾನ್ಯ ಮಾಡಿದ ಹಕ್ಕೆಂದು ಅದು ಹೇಳಿತು. ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗುತೆಯನ್ನು ಒಪ್ಪಿ, ವಂತಿಗೆಯನ್ನೂ ಲಾಭಕೋರತನವನ್ನೂ ಒಪ್ಪಲಿಲ್ಲ. ಕಾನೂನಿನ ಪುಸ್ತಕಗಳಲ್ಲಿ ಅದು ಟಿ.ಎಂ.ಎ. ಪೈ ಪ್ರಕರಣವೆಂದು ದಾಖಲಾಗಿದೆ.